ಮೂರೂವರೆಯ ಬಿಸಿಲಲ್ಲಿ ಫೈವ್ ಗಾರ್ಡನ್ಸ್

ಫೋಟೊ ಹುಚ್ಚು ಹತ್ತಿದವರೆಲ್ಲ ಹೇಳುವ ಪಾಠ ಒಂದೇ. ಬೆಳಿಗ್ಗೆ ಸೂರ್ಯ ಮೂಡಿದ ಮೇಲೆ ಒಂದು ಗಂಟೆ, ಸಂಜೆ ಮುಳುಗುವ ಮುಂಚೆ ಒಂದು ಗಂಟೆ. ಉಳಿದ ಹೊತ್ತು ಕ್ಯಾಮೆರಾ ಚೀಲದಲ್ಲೇ ಇರಲಿ. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂರುವವನಿಗೆ ಆ ಎರಡು ಗಂಟೆ ಎಲ್ಲಿಂದ ಬರಬೇಕು? ಇಡ್ಲಿಯ ಮೊದಲ ಅಟ್ಟೆ ಇಳಿಯುವಾಗ ನಾನು ಚಿಲ್ಲರೆ ಎಣಿಸುತ್ತಾ ಇರುತ್ತೇನೆ. ಸಂಜೆ ಐದಾಯಿತೆಂದರೆ ಕಾಲೇಜು ಹುಡುಗರ ದೋಸೆ ಗಲಾಟೆ ಶುರು. ನನಗೆ ಸಿಗುವುದು ನಡುವಿನ ಹೊತ್ತು. ಊಟದ ಗಿರಾಕಿಗಳೆಲ್ಲ ಹೋಗಿ, ಟೇಬಲ್ ಒರೆಸಿ, ಮಧ್ಯಾಹ್ನದ ಲೆಕ್ಕ ಕೂಡಿಸಿದ ಮೇಲೆ ಮೂರರಿಂದ ನಾಲ್ಕೂವರೆ. ಫೋಟೊಗೆ ಇದಕ್ಕಿಂತ ಕೆಟ್ಟ ಬೆಳಕು ಇಲ್ಲ ಅಂತಾರೆ. ನಾನು ಇದೇ ಬೆಳಕಲ್ಲಿ ವರ್ಷಗಟ್ಟಲೆ ತೆಗೆದಿದ್ದೇನೆ. ಈಗ ಬೇರೆ ಹೊತ್ತು ಕೊಟ್ಟರೂ ಬೇಡ ಅನ್ನುತ್ತೇನೋ ಏನೋ.

ನಮ್ಮ ಹೋಟೆಲ್ ಮುಂಬೈಯ ಮಾಟುಂಗಾದಲ್ಲಿ, ಕಿಂಗ್ಸ್ ಸರ್ಕಲ್ ಹತ್ತಿರ. ಹೂವಿನ ಅಂಗಡಿ, ಬಾಳೆಲೆ ಕಟ್ಟು, ಕಾಫಿಪುಡಿ ಹುರಿಯುವ ವಾಸನೆ ಎಲ್ಲ ದಾಟಿ ಸ್ವಲ್ಪ ನಡೆದರೆ ಗದ್ದಲ ಒಮ್ಮೆಲೇ ಕಡಿಮೆಯಾಗುತ್ತದೆ. ಅಲ್ಲಿಂದ ಪಾರ್ಸಿ ಕಾಲೊನಿ. ಅದರ ಮಗ್ಗುಲಲ್ಲೇ ಫೈವ್ ಗಾರ್ಡನ್ಸ್. ಒಂದೇ ದೊಡ್ಡ ಪಾರ್ಕ್ ಅಲ್ಲ, ರಸ್ತೆಗಳು ನಡುವೆ ಹಾದು ಹೋಗಿ ಐದು ತುಂಡಾದ ತೋಟ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ರಸ್ತೆ ದಾಟಬೇಕು. ಹೊಸಬರಿಗೆ ಇದು ಕಿರಿಕಿರಿ. ನನಗೆ ಇದೇ ಲಾಭ, ಐದು ತೋಟಕ್ಕೂ ಐದು ಥರದ ಜನ.

ಈ ಕಡೆ ಮಧ್ಯಾಹ್ನ ಮೂರೂವರೆಗೂ ನೆರಳು ಸಿಗುವುದಕ್ಕೆ ಒಂದು ಹಳೆಯ ಕಾರಣ ಇದೆ. 1896ರಲ್ಲಿ ಬೊಂಬಾಯಿಗೆ ಪ್ಲೇಗ್ ಬಂತು. ಊರಿನ ದಕ್ಷಿಣದ, ಗಾಳಿ ಬೆಳಕಿಲ್ಲದ ಕಿಕ್ಕಿರಿದ ಚಾಳುಗಳಲ್ಲಿ ಜನ ಸತ್ತರು. 1898ರಲ್ಲಿ ಸರಕಾರ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿತು. ಆಗ ಊರಾಚೆ ಅನ್ನಿಸಿಕೊಂಡಿದ್ದ ದಾದರ್-ಮಾಟುಂಗಾದ ಈ ಜಾಗವನ್ನು ಅವರು ಅಳೆದು, ಅಗಲ ರಸ್ತೆ ಬಿಟ್ಟು, ಮರ ನೆಟ್ಟು, ಮನೆ ಕಟ್ಟಲು ಕೊಟ್ಟರು. ಮಂಚೇರ್ಜಿ ಎದುಲ್‌ಜಿ ಜೋಶಿ ಎಂಬ ಇಂಜಿನಿಯರ್ ಟ್ರಸ್ಟಿನ ಬೆನ್ನು ಹತ್ತಿ ಮಧ್ಯಮವರ್ಗದ ಪಾರ್ಸಿಗಳಿಗಾಗಿ 103 ನಿವೇಶನ ಬಿಡಿಸಿಕೊಂಡರು. ತೋಟಕ್ಕೆ ಈಗ ಅವರದೇ ಹೆಸರು. ಅಲ್ಲಿ ಅವರ ಪ್ರತಿಮೆಯೂ ಇದೆ. ನಮ್ಮ ಹುಡುಗರು ಜೋಶಿ ಅಂದ ಕೂಡಲೇ ಪುಣೆಯ ಬ್ರಾಹ್ಮಣರು ಅಂದುಕೊಳ್ಳುತ್ತಾರೆ. ಪಾರ್ಸಿ ಅಂದರೆ ನಂಬುವುದೇ ಇಲ್ಲ. ಅದೇನೇ ಇರಲಿ, ಸುತ್ತಲಿನ ಹಳೆಯ ಮನೆಗಳು ಮರಕ್ಕಿಂತ ಎತ್ತರ ಬೆಳೆದಿಲ್ಲ. ಅಂದು ಯಾರೋ ಹಾಕಿದ ಆ ಲೆಕ್ಕದಿಂದ ಇಂದು ನನ್ನ ಫೋಟೊ ಸುಟ್ಟುಹೋಗದೆ ಉಳಿಯುತ್ತದೆ.

ನೆರಳು ಅಂದೆ. ಪೂರ್ತಿ ನೆರಳಲ್ಲ, ಚುಕ್ಕಿ ನೆರಳು. ಇಲ್ಲಿ ಮಳೆಮರಗಳು ಜಾಸ್ತಿ. ಕೊಂಬೆ ಅಗಲಕ್ಕೆ ಚಾಚುತ್ತವೆ, ಎಲೆ ಸಣ್ಣ. ಮಧ್ಯಾಹ್ನ ನೆಲದ ತುಂಬ ಬೆಳಕಿನ ಚುಕ್ಕಿ. ಒಂದು ದಿನ ಸುಮ್ನೆ ಕೂತು ನೋಡಿ. ಎಲೆಗಳ ನಡುವಿನ ಸಂದು ಚೌಕವೋ, ಮೂರು ಮೂಲೆಯದೋ, ಹೇಗಿದ್ದರೂ ನೆಲಕ್ಕೆ ಬೀಳುವ ಚುಕ್ಕಿ ಮಾತ್ರ ದುಂಡಗೆ. ಬಿಸಿಲು ವಾಲಿದ ಮೇಲೆ ಸ್ವಲ್ಪ ಉದ್ದುದ್ದ. ಯಾಕೆಂದರೆ ಅದು ಸಂದಿನ ಆಕಾರ ಅಲ್ಲ, ಸೂರ್ಯನ ಬಿಂಬ. ಒಂದೊಂದು ಸಂದೂ ಒಂದೊಂದು ಕ್ಯಾಮೆರಾದ ಕೆಲಸ ಮಾಡುತ್ತದೆ.

ಇದು ಖಾತ್ರಿಯಾಗಿದ್ದು 2019ರ ಡಿಸೆಂಬರ್ 26ರ ಬೆಳಿಗ್ಗೆ. ಅವತ್ತು ಸೂರ್ಯಗ್ರಹಣ. ಕಾಸರಗೋಡು ಕಡೆ ಕಂಕಣ, ಮುಂಬೈಗೆ ಪಾರ್ಶ್ವ. ಎಂಟಕ್ಕೆ ಹಿಡಿದು ಹನ್ನೊಂದರ ಒಳಗೆ ಬಿಟ್ಟಿತು. ಹೋಟೆಲಿನಲ್ಲಿ ಗಿರಾಕಿಯೇ ಇಲ್ಲ. ಗ್ರಹಣದ ಹೊತ್ತಲ್ಲಿ ನಮ್ಮವರು ಬಾಯಿಗೆ ಏನು ಹಾಕುತ್ತಾರೆ? ಅಡುಗೆ ಭಟ್ಟರು ದೋಸೆ ಹಿಟ್ಟಿಗೆ, ನೀರಿನ ಕೊಡಪಾನಕ್ಕೆ ದರ್ಭೆ ಹಾಕಿ ಕೈಕಟ್ಟಿ ಕೂತಿದ್ದರು. ನಾನು ಗಲ್ಲೆಗೆ ಬೀಗ ಹಾಕಿ ಗಾರ್ಡನ್ನಿಗೆ ಬಂದೆ. ಮೇಲೆ ನೋಡಲಿಲ್ಲ, ನೋಡಬಾರದು. ಕೆಳಗೆ ನೋಡಿದರೆ ಮಳೆಮರದ ಕೆಳಗೆ, ಫುಟ್‌ಪಾತಿನ ಮೇಲೆ, ನಿಂತ ಸ್ಕೂಟರಿನ ಸೀಟಿನ ಮೇಲೆ, ಎಲ್ಲಿ ನೋಡಿದರಲ್ಲಿ ಬೆಳಕಿನ ಕುಡುಗೋಲು. ಎಲ್ಲವೂ ಒಂದೇ ದಿಕ್ಕಿಗೆ ಬಾಗಿದವು. ವಾಕಿಂಗ್ ಬಂದ ಗುಜರಾತಿ ಅಜ್ಜಿಯೊಬ್ಬರು ಅವನ್ನು ತುಳಿಯದೆ ಸುತ್ತು ಹಾಕಿ ಹೋದರು. ಅವರ ಬಿಳಿ ಕ್ಯಾನ್ವಾಸ್ ಶೂ ಮೇಲೆ ಮಾತ್ರ ನಾಲ್ಕೈದು ಕುಡುಗೋಲು ಕೂತೇ ಇದ್ದವು. ಆ ಶೂಗಳ ಫೋಟೊ ಈಗಲೂ ನನ್ನ ಹತ್ತಿರ ಇದೆ. ಬೆಳಗಿನ ಹೊತ್ತಲ್ಲಿ ನಾನು ತೆಗೆದ ಒಳ್ಳೆಯ ಫೋಟೊ ಅಂದರೆ ಅದೊಂದೇ.

ಹೇಗೆ ತೆಗೆಯುತ್ತೀರಿ ಅಂತ ಕೆಲವರು ಕೇಳುತ್ತಾರೆ. ದೊಡ್ಡ ವಿದ್ಯೆ ಏನಿಲ್ಲ. ಮಗಳು ಹೊಸ ಫೋನ್ ತಗೊಂಡಾಗ ಬಿಟ್ಟುಕೊಟ್ಟ ಹಳೆಯ ಫೋನು ನನ್ನದು. ಮೊದಲು ಲೆನ್ಸ್ ಒರೆಸುತ್ತೇನೆ. ನಗಬೇಡಿ. ಹೋಟೆಲಿನವರ ಫೋನ್ ಲೆನ್ಸಿನ ಮೇಲೆ ಯಾವಾಗಲೂ ಎಣ್ಣೆಯ ಒಂದು ಪೊರೆ ಇರುತ್ತದೆ. ಫೋಟೊ ಮಂಜು ಮಂಜಾಗಿ ಬಂದರೆ ಜನ ಫೋನನ್ನು ಬೈಯುತ್ತಾರೆ. ಆಮೇಲೆ ಪರದೆಯಲ್ಲಿ ಬಿಸಿಲು ಬಿದ್ದ ಜಾಗದ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಕ್ಕೆಳೆಯುತ್ತೇನೆ. ನೆರಳು ಕಪ್ಪಾದರೆ ಆಗಲಿ, ಕಪ್ಪಿನೊಳಗೆ ಏನಾದರೂ ಉಳಿದಿರುತ್ತದೆ. ಬೆಳ್ಳಗೆ ಸುಟ್ಟುಹೋದ ಜಾಗದಲ್ಲಿ ಏನೂ ಸಿಗುವುದಿಲ್ಲ. ಇಷ್ಟೇ.

ಇನ್ನು ಜನ. ಬೆಳಿಗ್ಗೆ ಇಲ್ಲಿ ಶೂ ಹಾಕಿ ಓಡುವವರು, ಕೈ ಎತ್ತಿ ನಗುವವರು ಬರುತ್ತಾರಂತೆ. ಸಂಜೆ ಮಕ್ಕಳು, ಭೇಲ್, ಜೋಡಿಗಳು. ಕೆಲವು ದಿನ ಲೆಹೆಂಗಾ ಉಟ್ಟ ಮದುಮಗಳು, ಅವಳ ಸೆರಗು ಹಾರಿಸಲಿಕ್ಕೆ ಒಬ್ಬ, ಬೆಳಕು ತಿರುಗಿಸುವ ತಟ್ಟೆ ಹಿಡಿಯಲಿಕ್ಕೆ ಇನ್ನೊಬ್ಬ. ಮರದ ಹಿಂದಿನಿಂದ ಇಣುಕುವ ಅದೇ ಭಂಗಿ, ಜೋಡಿ ಮಾತ್ರ ಬೇರೆ. ಅವರ ತಂಟೆ ನನಗೆ ಬೇಡ. ಮೂರೂವರೆಗೆ ಬರುವವರು ಬೇರೆ. ಟ್ಯಾಕ್ಸಿ ನಿಲ್ಲಿಸಿ ಸೀಟು ಹಿಂದಕ್ಕೆ ಮಲಗಿಸಿದವರು. ಚೌಕದ ಚೀಲ ತಲೆದಿಂಬು ಮಾಡಿಕೊಂಡ ಡೆಲಿವರಿ ಹುಡುಗರು. ವೈವಾಗೆ ಪಾಠ ಒಪ್ಪಿಸಿಕೊಳ್ಳುವ ವಿಜೆಟಿಐ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು. ಮತ್ತೆ ನಮ್ಮವರು, ಹೋಟೆಲ್ ಹುಡುಗರು. ಬೆಳಗೂ ಸಂಜೆಯೂ ಬೇರೆಯವರಿಗೆ ಮಾರಿಹೋದವರ ಹೊತ್ತು ಇದು. ನಾನೂ ಅವರಲ್ಲೊಬ್ಬ. ಹಾಗಾಗಿ ನನ್ನನ್ನು ಯಾರೂ ಫೋಟೊಗ್ರಾಫರ್ ಅಂದುಕೊಳ್ಳುವುದಿಲ್ಲ. ಇವನಿಗೂ ನಿದ್ದೆ ಬಂದಿಲ್ಲ ಪಾಪ ಅಂದುಕೊಳ್ಳುತ್ತಾರೆ.

ಮಲಗಿದವರ ಮುಖ ನಾನು ತೆಗೆಯುವುದಿಲ್ಲ. ನಿದ್ದೆಯಲ್ಲಿರುವವನನ್ನು ಕೇಳುವುದು ಹೇಗೆ? ಎಬ್ಬಿಸಿ ಕೇಳಿದರೆ ಪಾಪ, ಕೇಳದೆ ತೆಗೆದರೆ ಕಳ್ಳತನ. ಆದ್ದರಿಂದ ಚಪ್ಪಲಿ. ಬೆಂಚಿನ ಕೆಳಗೆ, ಮರದ ಬೇರಿನ ಪಕ್ಕ, ಹುಲ್ಲಿನಂಚಲ್ಲಿ ಬಿಟ್ಟ ಚಪ್ಪಲಿಗಳು. ನೋಡುತ್ತಾ ಹೋದರೆ ಕೆಲಸ ಗೊತ್ತಾಗುತ್ತದೆ. ದೋಸೆ ಕಾವಲಿ ಎದುರು ನಿಲ್ಲುವವನ ಚಪ್ಪಲಿ ಮುಂಗಾಲಿನ ಕಡೆ ಸವೆದಿರುತ್ತದೆ, ಅವನು ಸದಾ ಮುಂದಕ್ಕೆ ಬಾಗಿ ನಿಲ್ಲುವವನು. ಸಪ್ಲಾಯರ್‌ದು ಹಿಮ್ಮಡಿಯಲ್ಲಿ ಒಂದೇ ಬದಿಗೆ ಸವೆದಿರುತ್ತದೆ, ಟೇಬಲ್ ನಡುವೆ ಗಕ್ಕನೆ ತಿರುಗಿ ತಿರುಗಿ. ಪಾತ್ರೆ ತೊಳೆಯುವ ಹುಡುಗನದು ಸವೆಯುವುದೇ ಇಲ್ಲ, ನೀರಿಗೆ ಬೆಳ್ಳಗಾಗಿ ಅಂಚು ಮೇಲೇಳುತ್ತದೆ. ಬಾರು ಕಿತ್ತ ಕಡೆ ಸೇಫ್ಟಿ ಪಿನ್. ಒಂದು ಜೊತೆಗೆ ಮಾತ್ರ ಹಾಲಿನ ಪ್ಯಾಕೆಟಿನ ಪ್ಲಾಸ್ಟಿಕ್ ಹೊಸೆದು ಬಾರಿನ ತೂತಿಗೆ ಸಿಕ್ಕಿಸಿದ್ದರು. ಅದರ ಮಾಲೀಕನನ್ನು ನೋಡಬೇಕೆಂದು ಕಾಯ್ದೆ. ಎದ್ದು ಕೂತವನು ನಮ್ಮದೇ ಹೋಟೆಲಿನ ಕ್ಲೀನರ್ ಹುಡುಗ, ಕುಂದಾಪುರದ ಕಡೆಯವನು.

“ಎಂತ ಫೋಟೊ ತೆಗಿತಿದ್ರಿ?”

“ನಿನ್ನ ಚಪ್ಪಲಿದು.”

ಅವನು ಕಣ್ಣುಜ್ಜಿಕೊಂಡು ನೋಡಿದ. “ನಾನು ಮಲಗಿದ್ದು ಬಂದಿಲ್ಲ ಅಲ್ವಾ? ಊರಿಗೆ ಮಾತ್ರ ಕಳಿಸ್ಬೇಡಿ ಮಾರಾಯ್ರೆ. ಉಸಿರಾಡ್ಲಿಕ್ಕೆ ಪುರ್ಸೊತ್ತಿಲ್ಲ ಅಂತ ಅಮ್ಮನ ಹತ್ರ ಹೇಳಿದ್ದೇನೆ.”

ಬೆಂಚಿನ ಮೇಲೆ ಇನ್ನೊಬ್ಬರು ಕಾಯಂ ಗಿರಾಕಿ ಇದ್ದಾರೆ. ಗಾಲಿಕುರ್ಚಿಯಲ್ಲಿ ಬರುವ ಪಾರ್ಸಿ ಅಜ್ಜ. ಕುರ್ಚಿ ತಳ್ಳುವ ಆಯಾ ಅವರನ್ನು ಬೆಂಚಿಗೆ ಇಳಿಸಿ, ಪಕ್ಕದಲ್ಲಿ ನಿಂತು ಊರಿಗೆ ವಿಡಿಯೊ ಕಾಲ್ ಮಾಡುತ್ತಾಳೆ. ಅಜ್ಜನಿಗೆ ಮಾತು ಬೇಕು. ನನ್ನ ಫೋನನ್ನು ಒಂದು ದಿನ ಕೇಳಿ ಇಸಕೊಂಡು, ಫೋಟೊಗಳನ್ನೆಲ್ಲ ಸರಸರ ಸರಿಸಿ ನೋಡಿದರು. ಒಂದೇ ಎಲೆಯ ಹದಿನೈದು ಫೋಟೊ ಇತ್ತು. “ಡೀಕ್ರಾ, ಇತನಾ ಕಾಯ್ಕೂ?” ಅಂದರು. ಮಗಾ, ಇಷ್ಟೊಂದು ಯಾಕೆ ಅಂತ. ಅವರ ಕಾಲದಲ್ಲಿ ಅಗ್ಫಾ ಕ್ಲಿಕ್ ಇತ್ತಂತೆ. ಅದು ಬರೋಡಾದಲ್ಲಿ ತಯಾರಾಗುತ್ತಿದ್ದ ಸಾದಾ ಕ್ಯಾಮೆರಾ, ನಮ್ಮ ಕಡೆಯ ಎಷ್ಟೋ ಮನೆಗಳ ಹಳೆಯ ಚೌಕದ ಫೋಟೊಗಳು ಅದರವೇ. ಒಂದು ರೋಲಿಗೆ ಹನ್ನೆರಡು ಫೋಟೊ. ರೋಲು ಮುಗಿಸಿ, ತೊಳೆಯಲು ಕೊಟ್ಟು, ಕಾಯಬೇಕು. ಹದಿಮೂರನೆಯದು ಬೇಕೆಂದರೆ ಮತ್ತೆ ದುಡ್ಡು.

ಅದು ನನಗೆ ಹಿಡಿಸಿತು. ಗಲ್ಲೆಯಲ್ಲಿ ಕೂರುವವನಿಗೆ ಲೆಕ್ಕ ಅಂದರೆ ಬೇಗ ತಲೆಗೆ ಹತ್ತುತ್ತದೆ. ಆಮೇಲಿಂದ ಒಂದು ಸುತ್ತಿಗೆ ಹನ್ನೆರಡೇ. ಫೋನು ತಡೆಯುವುದಿಲ್ಲ, ನಾನೇ ತಡೆಯಬೇಕು. ಮೂರನೇ ತೋಟದಲ್ಲೇ ಹನ್ನೆರಡೂ ಮುಗಿದ ದಿನ, ಐದನೇ ತೋಟದಲ್ಲಿ ಕಾಗೆಯೊಂದು ಐಸ್‌ಕ್ರೀಮ್ ಕಡ್ಡಿಯನ್ನು ನಲ್ಲಿಯ ನೀರಲ್ಲಿ ಅದ್ದಿ ಅದ್ದಿ ತೊಳೆಯುತ್ತಿತ್ತು. ಕೈಕಟ್ಟಿ ನಿಂತು ನೋಡಿದೆ. ಅಜ್ಜನಿಗೆ ಹೇಳಿದರೆ ಬಹಳ ಖುಷಿ ಅವರಿಗೆ. ಅವರ ಇನ್ನೊಂದು ಉಪದೇಶ, ಸೂರ್ಯ ಯಾವಾಗಲೂ ನಿನ್ನ ಬೆನ್ನಿಗಿರಬೇಕು ಅನ್ನೋದು. ಅದನ್ನು ಮಾತ್ರ ನಾನು ಕೇಳುವುದಿಲ್ಲ. ಬೆಳಕು ಎದುರಿನಿಂದ ಬಂದರೇನೇ ಎಲೆಯ ನರ ಕಾಣುವುದು, ಚಹಾದ ಹಬೆ ಕಾಣುವುದು. ಈ ವಿಷಯದಲ್ಲಿ ನಮ್ಮಿಬ್ಬರದೂ ಇನ್ನೂ ಇತ್ಯರ್ಥ ಆಗಿಲ್ಲ.

ಕಳೆದ ಬೇಸಿಗೆಯಲ್ಲಿ ಗಾರ್ಡನ್ ಪಕ್ಕದ ರಸ್ತೆ ಅಗೆದಿದ್ದರು. ಅಗೆಯುವವರು ವಿಜಯಪುರದ ಕಡೆಯವರು. ಮರದ ಕೆಳಗೆ ಕೂತು ಬುತ್ತಿ ಬಿಚ್ಚಿದ್ದರು. ಬಟ್ಟೆಯ ಮೇಲೆ ಜೋಳದ ರೊಟ್ಟಿ, ಅದರ ಮೇಲೆ ಶೇಂಗಾ ಹಿಂಡಿ, ಒಂದು ಈರುಳ್ಳಿ. ರೊಟ್ಟಿಯ ಮೇಲೂ ಅದೇ ಬೆಳಕಿನ ಚುಕ್ಕಿ. ಫೋನ್ ಕೈಯಲ್ಲಿ ಹಿಡಿದು ತೆಗೀಲಾ ಅಂತ ಕೇಳಿದೆ.

“ಬುತ್ತಿದೇನ್ ಫೋಟೊ ತಗೀತೀರಿ ಯಣ್ಣಾ? ಕುಂದರ್ರಿ, ತಿನ್ನರಿ,” ಅಂದಳು ಆ ಹೆಣ್ಣುಮಗಳು. ನಮ್ಮ ಕರಾವಳಿಯ ಕನ್ನಡ ಕೇಳಿ ಅವರಿಗೆ ನಗು, ಅವರ ಕನ್ನಡ ಕೇಳಿ ನನಗೆ ಹೊಟ್ಟೆ ತಣ್ಣಗಾಯಿತು. ಹಿಂಡಿ ಖಾರ ಇತ್ತು. ಊಟ ಆದ ಮೇಲೆ ಮಗಳನ್ನು ಮುಂದೆ ತಳ್ಳಿದಳು. “ಇಕೀದು ಒಂದು ತಗೀರಿ. ಸಾಲ್ಯಾಗ ಕೇಳ್ಯಾರ.” ಬೇಕಾಗಿದ್ದು ಪಾಸ್‌ಪೋರ್ಟ್ ಸೈಜ್ ಫೋಟೊ. ನೋಡಿ, ಸಾಮಾನ್ಯ ಬದುಕಿನ ಚಿತ್ರ ತೆಗೆಯುತ್ತೇನೆ ಅಂತ ಜಂಬ ಪಡುವವನಿಗೆ ಜೀವನ ಕೊಡುವ ಕೆಲಸ ಇದು! ಹಿಂದೆ ಬಿಳಿ ಗೋಡೆ ಬೇಕಲ್ಲ. ನಮ್ಮ ಸಪ್ಲಾಯರ್ ಒಬ್ಬ ಅಲ್ಲೇ ಮಲಗಿದ್ದ, ಅವನು ಹೊದ್ದುಕೊಂಡಿದ್ದ ಬಿಳಿ ಪಂಚೆ ಎಳೆದುಕೊಂಡೆ. ಹುಡುಗಿಯ ಅಪ್ಪ ಒಂದು ತುದಿ, ಸಪ್ಲಾಯರ್ ಇನ್ನೊಂದು ತುದಿ ಹಿಡಿದರು. ಮರದ ಚುಕ್ಕಿ ನೆರಳು ಮುಖಕ್ಕೆ ಬಿದ್ದರೆ ಕಲೆ ಕಲೆ ಕಾಣುತ್ತದೆ. ಹಾಗಾಗಿ ಕಟ್ಟಡದ ದಟ್ಟ ನೆರಳಿಗೆ ಹೋದೆವು. ಎದುರಿನ ಗೋಡೆಗೆ ಬಿಸಿಲು ಬಡಿದು ಮೆತ್ತಗೆ ಮುಖಕ್ಕೆ ಬರುತ್ತಿತ್ತು. ಸ್ಟುಡಿಯೊ ದೀಪ ಯಾಕೆ ಬೇಕು? ಹುಡುಗಿ ಮಾತ್ರ ನಗಲೇ ಇಲ್ಲ. ಸರಕಾರಿ ಫೋಟೊದಲ್ಲಿ ನಗಬಾರದು ಅಂತ ಅವಳಿಗೆ ಯಾರೋ ಹೇಳಿದ್ದರು. ಮಾರನೇ ದಿನ ಪ್ರಿಂಟ್ ಹಾಕಿಸಿ ಕೊಟ್ಟೆ. ಪಂಚೆಯ ಮಡಿಕೆಯ ಗೆರೆ ಹಿಂದೆ ಕಾಣುತ್ತದೆ, ನಡೆಯುತ್ತದೆ.

ಬೇಸಿಗೆ ಅಂದ ಮೇಲೆ ಸೋನ್‌ಮೊಹರ್ ಮರದ ಬಗ್ಗೆ ಹೇಳಲೇಬೇಕು. ಮಾರ್ಚ್ ಮುಗಿಯುವಾಗ ಶುರುವಾಗಿ ಮೇ ತನಕ ಹಳದಿ ಹೂ ಉದುರುತ್ತಲೇ ಇರುತ್ತದೆ. ದೂರದಿಂದ ರಸ್ತೆಗೆ ಅರಿಸಿನ ಚೆಲ್ಲಿದ್ದು ಕಾಣುತ್ತದೆ, ಅದನ್ನು ಎಲ್ಲರೂ ತೆಗೆಯುತ್ತಾರೆ. ಬಗ್ಗಿ ಒಂದು ಹೂ ಎತ್ತಿ ನೋಡಿ. ಪಕಳೆ ನೀಟಾಗಿ ಇರುವುದೇ ಇಲ್ಲ, ಅರಳುವಾಗಲೇ ಸುಕ್ಕು. ಮೊಗ್ಗು ಪೂರ್ತಿ ತುಕ್ಕಿನ ಬಣ್ಣ. ಕಾಯಿ ತಾಮ್ರದ ಬಣ್ಣ. ಕಾರಿನ ವೈಪರಿನ ಸಂದಿಯಲ್ಲಿ, ಗೂರ್ಖಾನ ಕುರ್ಚಿಯ ಗುಳಿಯಲ್ಲಿ, ಮಲಗಿದವರ ಕಿವಿಯ ಹಿಂದೆ, ಎಲ್ಲಿ ಬೇಕಾದರೂ ಈ ಹೂ. ಗುಡಿಸುವವರಿಗೆ ಇದರ ಸೊಬಗು ಹೇಳಲು ಹೋಗಬೇಡಿ. ಬೆಳಿಗ್ಗೆ ಗುಡಿಸಿದ್ದು ಮಧ್ಯಾಹ್ನಕ್ಕೆ ಮತ್ತೆ ಅಷ್ಟೇ.

ಮೇ ಮಧ್ಯದಲ್ಲಿ ಒಂದು ದಿನ ಮುಂಬೈಯಲ್ಲಿ ನೆಟ್ಟಗೆ ನಿಂತ ವಸ್ತುವಿಗೆ ನೆರಳೇ ಇರುವುದಿಲ್ಲ. ಸೂರ್ಯ ಸರಿಯಾಗಿ ನೆತ್ತಿ ಮೇಲೆ, ಮಧ್ಯಾಹ್ನ ಹನ್ನೆರಡೂವರೆ ದಾಟಿದ ಹೊತ್ತು. ಗಾರ್ಡನ್ನಿನ ದೀಪದ ಕಂಬ ನೆರಳಿಲ್ಲದೆ ನಿಂತದ್ದನ್ನು ತೆಗೆಯಬೇಕು ಅಂತ ಬಹಳ ಆಸೆ. ಆದರೆ ಆ ಹೊತ್ತಿಗೆ ರೈಸ್ ಪ್ಲೇಟ್ ಕ್ಯೂ ಬಾಗಿಲು ದಾಟಿ ಹೊರಗಿರುತ್ತದೆ. ಹೋಟೆಲಿನ ಎದುರು ಇಟ್ಟ ಎಣ್ಣೆ ಡಬ್ಬದ ಫೋಟೊ ತೆಗೆದು ಸಮಾಧಾನ ಮಾಡಿಕೊಂಡಿದ್ದೇನೆ. ಜುಲೈ ಕೊನೆಗೆ ಇನ್ನೊಮ್ಮೆ ಅಂಥ ದಿನ ಬರುತ್ತದೆ, ಆಗ ಮೋಡದಲ್ಲಿ ಸೂರ್ಯನೇ ನಾಪತ್ತೆ.

ಮಳೆಗಾಲದಲ್ಲಿ ಫೈವ್ ಗಾರ್ಡನ್ಸ್ ಬಿಟ್ಟು ಫ್ಲೈಓವರ್ ಕೆಳಗಿನ ನಾನಾಲಾಲ್ ಮೆಹ್ತಾ ಗಾರ್ಡನ್ನಿಗೆ ಹೋಗುತ್ತೇನೆ. 2016ರಲ್ಲಿ ಆದದ್ದು, ನರ್ಮದಾ ನದಿಯ ತಿರುವುಗಳ ಮಾದರಿಯಲ್ಲಿ ನಡೆಯುವ ದಾರಿ ಮಾಡಿದ್ದಾರೆ. ತಲೆಯ ಮೇಲೆ ಲಾರಿ, ಎರಡೂ ಪಕ್ಕ ಟ್ರಾಫಿಕ್. ಆದರೆ ಕೊಡೆ ಬೇಡ, ಬೆಳಕು ಎರಡು ಕಡೆಯಿಂದಲೂ ಹದವಾಗಿ ಬರುತ್ತದೆ. ಅಲ್ಲಿನ ಫೋಟೊಗಳ ತುಂಬ ಒದ್ದೆ ಕೊಡೆಗಳೇ. ಅದರ ಕಥೆ ಇನ್ನೊಂದು ಸಲ.

ಈಚೆಗೆ ನಮ್ಮ ಸಾವ್ಕಾರ್ರು ಹೋಟೆಲಿಗೆ ಬಣ್ಣ ಹೊಡೆಸಿದರು. ಕೈ ತೊಳೆಯುವ ಜಾಗದ ಮೇಲಿನ ಗೋಡೆ ಬೋಳು. “ನೀನು ಫೋಟೊ ತೆಗಿತೀಯಲ್ಲ, ಒಂದು ಕೊಡು, ದೊಡ್ಡದು ಮಾಡಿಸಿ ಹಾಕುವ,” ಅಂದರು. ಫೋನು ಕೊಟ್ಟೆ. ಒಂದೊಂದೇ ನೋಡಿದರು, ಮುಖ ಸಣ್ಣದಾಗುತ್ತಾ ಹೋಯಿತು.

“ಇದೆಂತದು ಮಾರಾಯ, ಬರೀ ಚಪ್ಪಲಿ? ಗಿರಾಕಿ ಇಡ್ಲಿ ತಿನ್ನುವಾಗ ಚಪ್ಪಲಿ ನೋಡ್ಬೇಕಾ?”

ಕೊನೆಗೆ ಸೋನ್‌ಮೊಹರ್ ಹೂ ಹಾಸಿದ ಒಂದು ಫೋಟೊ ಸಿಕ್ಕಿತು. ಅವರಿಗೆ ಬಹಳ ಹಿಡಿಸಿತು. ಲಕ್ಷಣವಾಗಿದೆ ಅಂದರು. ಫ್ರೇಮ್ ಹಾಕಿಸಿ ಗೋಡೆಗೇರಿಸಿದ್ದಾಯಿತು. ದೊಡ್ಡದು ಮಾಡಿದ ಮೇಲೆ ಎಡಗಡೆ ಮೇಲಿನ ಮೂಲೆಯಲ್ಲಿ ಒಂದು ಜೊತೆ ಪಾದ ಸ್ಪಷ್ಟ ಕಾಣುತ್ತದೆ, ಪಕ್ಕದಲ್ಲಿ ಹಾಲಿನ ಪ್ಯಾಕೆಟ್ ಸಿಕ್ಕಿಸಿದ ಚಪ್ಪಲಿಯೂ. ಸಾವ್ಕಾರ್ರ ಕಣ್ಣಿಗೆ ಇನ್ನೂ ಬಿದ್ದಿಲ್ಲ. ಕ್ಲೀನರ್ ಹುಡುಗನ ಕಣ್ಣಿಗೆ ಮೊದಲ ದಿನವೇ ಬಿತ್ತು. ಊರಿಗೆ ಕಳಿಸ್ಬೇಡಿ ಅಂದವನು ತಾನೇ ಅದರ ಎದುರು ನಿಂತು ಸೆಲ್ಫಿ ತೆಗೆದು ಅಮ್ಮನಿಗೆ ಕಳಿಸಿದ್ದಾನೆ. ಹೋಟೆಲಿನಲ್ಲಿ ನನ್ನ ಫೋಟೊ ಹಾಕಿದ್ದಾರೆ ಅಂತ.